ಅಮ್ಮನ ಕಾಲು, ಅತ್ತೆಯ ಗುಂಡಿ

ಬ್ಯಾಂಡ್‌ನವರ ಕೋಟಿನ ಗುಂಡಿಗಳು ಮತ್ತೆ ಮಾಯವಾಗಿದ್ದವು. ಉದುರಿದ್ದಲ್ಲ, ಹರಿದದ್ದೂ ಅಲ್ಲ. ಒಂದೆಳೆ ದಾರವೂ ಉಳಿಯದ ಹಾಗೆ ಯಾರೋ ನಾಜೂಕಾಗಿ ಬಿಡಿಸಿಕೊಂಡು ಹೋಗಿದ್ದರು.

ನಮ್ಮದು ಕೆಳಗೆ ಟೈಲರ್ ಅಂಗಡಿ, ಮೇಲೆ ಮನೆ. ಅಪ್ಪ ಬಟ್ಟೆ ಕತ್ತರಿಸುತ್ತಾರೆ, ಅಮ್ಮ ಮಿಷನ್ ತುಳಿಯುತ್ತಾಳೆ, ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಕಾಜ ಮಾಡಿ ಗುಂಡಿ ಹಾಕುತ್ತಾರೆ. ನಾನು ಕಾಲೇಜಿಗೆ ಹೋಗುತ್ತೇನೆ, ಉಳಿದ ಹೊತ್ತು ಫೋನಿನೊಳಗೆ ಇರುತ್ತೇನೆ. ಅನುಮಾನ ಪಡೋಣವೆಂದರೂ ನಮ್ಮಲ್ಲಿ ಹೆಚ್ಚು ಜನ ಇಲ್ಲ.

"ನಿಜವಾಗ್ಲೂ ಗುಂಡಿ ಹಾಕಿದ್ಯೇನಕ್ಕ?" ಅಪ್ಪ ಕತ್ತರಿಯನ್ನು ನೋಡುತ್ತಾ ಕೇಳಿದರು.

"ಇಲ್ಲಪ್ಪ, ಬೆಳಿಗ್ಗೆ ತಿಂಡಿಗೆ ನುಂಗ್ಬಿಟ್ಟೆ."

"ತಮಾಷೆ ಬೇಡ. ನಾಳೆ ಮೆರವಣಿಗೆ. ಸಂಜೆ ಡುಂಡುಂ ಬರ್ತಾನೆ." ಡುಂಡುಂ ಎಂದರೆ ಬ್ಯಾಂಡ್ ಮಾಸ್ಟರ್. "ಈಗ ಹಾಕು. ಮತ್ತೆ ಕಾಣೆಯಾದ್ರೆ ನೀನು ಅಂಗಡಿಗೆ ಇಳೀಬೇಡ."

ಅತ್ತೆಯ ಮುಖ ಸಪ್ಪಗಾಯಿತು. "ಮೇಲೆ ಕೂತು ಬಿಟ್ಟಿ ಅನ್ನ ತಿನ್ನು ಅಂತೀಯ. ಅದಕ್ಕಿಂತ ಎಲ್ಲಾದ್ರೂ ಹೊರಟು ಹೋಗ್ತೀನಿ."

ಅಮ್ಮ ತಲೆಯೆತ್ತಲಿಲ್ಲ. ಮಿಷನ್ ಗಡಗಡ ಅನ್ನುತ್ತಲೇ ಇತ್ತು.

ನನಗೂ ಅತ್ತೆಯ ಮೇಲೆಯೇ ಗುಮಾನಿ. ಹಿತ್ತಾಳೆ ಗುಂಡಿಗೆ ಒಳ್ಳೆ ಬೆಲೆ. ಅತ್ತೆಯ ಚೀಲ ಯಾವಾಗಲೂ ಉಬ್ಬಿರುತ್ತದೆ. ಪಕ್ಕದ ಬೀದಿಯ ಟೈಲರ್ ಹೆಂಡತಿಯ ಜೊತೆ ನಿಂತು ನಗುತ್ತಾರೆ. ಏನು ಅಷ್ಟು ನಗು? ಒಂದು ಸಲ ಅನುಮಾನ ಹೊಕ್ಕ ಮೇಲೆ ಅವರು ಕೆಮ್ಮಿದರೂ ನನ್ನ ಕಿವಿ ನೆಟ್ಟಗಾಗುತ್ತಿತ್ತು.

ಅಮ್ಮನ ಸುದ್ದಿಗೆ ಯಾರೂ ಹೋಗುತ್ತಿರಲಿಲ್ಲ. ಪಾಪ, ಅವಳ ಕಾಲಿನ ಕಾಟ ಮುಗಿದು ಸ್ವಲ್ಪ ದಿನವಾಗಿತ್ತಷ್ಟೆ. ಮೊದಲೆಲ್ಲ ಕೂತರೆ ಸಾಕು, "ಮೂಳೆಯೊಳಗೆ ಇರುವೆ ಹರಿದಂಗಾಗುತ್ತೆ ಕಣೇ" ಎಂದು ಎದ್ದು ಓಡಾಡುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದಳು. ಡಾಕ್ಟರು ಮಾತ್ರೆ ಕೊಟ್ಟ ಮೇಲೆ ಕಾಲು ತಣ್ಣಗಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಎಲ್ಲ ಕೋಟಿಗೂ ಹೊಸ ಗುಂಡಿ ಹಾಕಿ ಮುಗಿಸಿದರು. ಊಟಕ್ಕೆ ಶಟರ್ ಅರ್ಧ ಎಳೆಯುವ ಮುಂಚೆ, ನಾನು ದಾರದ ಉಂಡೆಗಳ ಹಿಂದೆ ಫೋನು ನಿಲ್ಲಿಸಿ ವಿಡಿಯೋ ಒತ್ತಿದೆ. ಫೋನಿಲ್ಲದೆ ಊಟ ಮಾಡಿದೆನೆಂದರೆ ವಿಷಯ ಎಷ್ಟು ಗಂಭೀರ ನೋಡಿ.

"ನೀವು ಉಣ್ಣಿ, ಇದೊಂದು ಹೊಲಿಗೆ ಮುಗಿಸಿ ಬರ್ತೀನಿ," ಎಂದಳು ಅಮ್ಮ. ಈಚೆಗೆ ದಿನಾ ಹಾಗೇ ಅನ್ನುತ್ತಿದ್ದಳು. ಅತ್ತೆ ಮೊಸರು ತರುತ್ತೇನೆಂದು ನಡುವೆ ಒಮ್ಮೆ ಕೆಳಗಿಳಿದರು. ಸಿಕ್ಕಿಬಿದ್ರಿ ಅತ್ತೆ, ಅಂದುಕೊಂಡೆ.

ಊಟ ಮುಗಿಸಿ ಇಳಿದಾಗ ಕೋಟುಗಳು ಬೋಳು. ಅಪ್ಪ ಅಕ್ಕನನ್ನು ಒಮ್ಮೆ ನೋಡಿದರು. ಅತ್ತೆ ಮೇಲೆ ಹೋಗಿ ಚೀಲಕ್ಕೆ ಬಟ್ಟೆ ತುಂಬತೊಡಗಿದರು.

ನಾನು ಮೂಲೆಯಲ್ಲಿ ವಿಡಿಯೋ ಹಾಕಿದೆ. ಮೊದಲು ಕಂಡದ್ದು ಅಮ್ಮನ ಕಾಲು, ಅಲುಗಾಡದ ಕಾಲು. ತೊಡೆಯ ಮೇಲೆ ಕೋಟು. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯಿಂದ ಒಂದೊಂದೇ ಗುಂಡಿ ಬಿಡಿಸಿ, ಡಬ್ಬಿಗೆ ಹಾಕಿ, ಡಬ್ಬಿ ಮಗುಚಿ, ದೊಡ್ಡದು ಚಿಕ್ಕದು ಬೇರೆ ಮಾಡಿ, ಮತ್ತೆ ಬೆರೆಸಿ, ಮತ್ತೆ ಬೇರೆ ಮಾಡುತ್ತಿದ್ದಳು. ಹಾಲು ಕುಡಿಯುವ ಮಗುವಿನ ಮುಖ. ಪಕ್ಕದಲ್ಲೇ ಅತ್ತೆ ಹಾದು ಹೊರಗೆ ಹೋದಾಗ ಕೋಟನ್ನು ಮಿಷನ್ ಕೆಳಗೆ ಸರಿಸಿದಳು. ಅಂದರೆ ಬೇಕೆಂದೇ ಮುಚ್ಚಿಡುತ್ತಿದ್ದಳು.

"ಏನಮ್ಮಾ ಇದು?"

ಅಮ್ಮ ಫೋನು ನೋಡಿದಳು, ಬಾಗಿಲು ನೋಡಿದಳು. "ಮೆಲ್ಲಗೆ ಮಾತಾಡೇ. ಒಂದು ಬಿಚ್ಚಿದ್ರೆ ಇನ್ನೊಂದು ಬಿಚ್ಬೇಕು ಅನ್ಸುತ್ತೆ. ಕೈ ನಿಲ್ಸೋಕೇ ಆಗಲ್ಲ."

"ಅತ್ತೇನ ಓಡಿಸ್ತಿದ್ರೂ ಸುಮ್ನಿದ್ಯಲ್ಲ!"

"ಡಾಕ್ಟರು ಮೊದ್ಲೇ ಹೇಳಿದ್ರು. ಜೂಜು, ಸಿಕ್ಕಿದ್ದೆಲ್ಲ ಕೊಳ್ಳೋದು, ಮಾಡಿದ್ದೇ ಮಾಡ್ತಾ ಕೂರೋದು, ಈ ಮಾತ್ರೆಯಿಂದ ಇಂಥದ್ದೇನಾದ್ರೂ ಶುರುವಾದ್ರೆ ಬಂದ್ ಹೇಳಿ ಅಂತ. ಹೇಳಿದ್ರೆ ಮಾತ್ರೆ ಕಿತ್ಕೋತಾರೆ ಕಣೇ. ಆ ಇರುವೆ ಮತ್ತೆ ಬರುತ್ತೆ." ಅವಳ ಕಣ್ಣು ತುಂಬಿತು. "ಬಿಚ್ಚುವಾಗ ಹಿತವಾಗಿರೋದು. ರೋಗ ಅಂತ ಅನ್ಸಲೇ ಇಲ್ಲ."

ಮೇಲೆ ಚೀಲದ ಜಿಪ್ ಎಳೆದ ಸದ್ದಾಯಿತು. ಡಾಕ್ಟರಿಗೆ ನಾನೇ ಫೋನ್ ಮಾಡಿದೆ.

"ಗಾಬರಿ ಬೇಡಮ್ಮ, ಆ ಮಾತ್ರೆಯಿಂದ ಕೆಲವರಿಗೆ ಹೀಗಾಗುತ್ತೆ," ಎಂದರು ಅವರು. "ನೀವಾಗೇ ಮಾತ್ರೆ ತಟ್ಟಂತ ನಿಲ್ಲಿಸ್ಬೇಡಿ. ಸಂಜೆ ಕರ್ಕೊಂಡ್ ಬನ್ನಿ. ಮೆಲ್ಲಗೆ ಕಮ್ಮಿ ಮಾಡಿ ಬೇರೆ ದಾರಿ ನೋಡೋಣ."

ಅಮ್ಮ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. ಹಿಂದೆ ನಾನು, ನನ್ನ ಹಿಂದೆ ಅಪ್ಪ.

"ಅತ್ತಿಗೆ, ಗುಂಡಿ ಬಿಚ್ಚಿದ್ದು ನಾನು. ಇವಳಿಟ್ಟ ಫೋನಿನ ವಿಡಿಯೋದಲ್ಲಿ ಸಿಕ್ಕಿಬಿದ್ದೆ. ಕಾಲಿನ ಮಾತ್ರೆಯಿಂದ ಹಿಂಗಾಗುತ್ತೆ, ಹೇಳಿದ್ರೆ ಬಿಡಿಸ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ. ನಿಮ್ಮ ಮೇಲೆ ಅನುಮಾನ ಬಂದಾಗ್ಲೂ."

ಅತ್ತೆ ಡಬ್ಬಿಯೊಳಗೆ ಇಣುಕಿದರು. ಒಂದು ಗುಂಡಿ ಎತ್ತಿ ತಿರುಗಿಸಿ ನೋಡಿದರು.

"ಬಿಚ್ಚೋದ್ರಲ್ಲಿ ಎಂಥ ಸಫಾಯಿ ನೋಡು. ನನ್ನ ತಮ್ಮ ಕತ್ತರಿಸೋದೂ ಇಷ್ಟು ನೀಟಾಗಿಲ್ಲ," ಎಂದರು ಕೊನೆಗೆ. ದನಿ ಮಾತ್ರ ನಗುತ್ತಿರಲಿಲ್ಲ.

"ಅಕ್ಕಾ..." ಎಂದರು ಅಪ್ಪ.

"ನಿಂದು ಆಮೇಲೆ. ಡುಂಡುಂ ಬರೋದ್ರೊಳಗೆ ಗುಂಡಿ ಬೀಳ್ಬೇಕು." ಅತ್ತೆ ಅಮ್ಮನ ಕಡೆ ಕೈ ಚಾಚಿದರು. "ಆ ಕೊಕ್ಕೆ ಇಲ್ಲಿ ಕೊಡು. ನೀನು ಕೋಟು ಮುಟ್ಬೇಡ ಕಣೇ, ದಾರ ಪೋಣಿಸಿ ಕೊಡು ಸಾಕು."

ಡುಂಡುಂ ಕೋಟು ಹೊತ್ತು ಹೋದ. ಡಾಕ್ಟರ ಬಳಿ ಹೊರಟಾಗ ಅತ್ತೆ ಅಮ್ಮನ ಕೈ ಹಿಡಿದುಕೊಂಡಿದ್ದರು, ಸ್ವಲ್ಪ ಗಟ್ಟಿಯಾಗಿಯೇ. ಬಾಗಿಲಲ್ಲಿ ನನ್ನ ಕಡೆ ತಿರುಗಿದರು.

"ಆ ಫೋನು ಯಾರನ್ನ ಹಿಡಿಯೋಕೆ ಇಟ್ಟಿದ್ದೆ?"

ನಾನು ಫೋನನ್ನು ಬೆನ್ನ ಹಿಂದೆ ಸರಿಸಿದೆ.

"ಗೊತ್ತಾಯ್ತು ಬಿಡು. ನನ್ನ ಚೀಲ ಒಳಗಿಡು. ಜಿಪ್ ಮಾತ್ರ ತೆಗೀಬೇಡ, ನಾನೇ ಬಂದು ತೆಗೀತೀನಿ. ನಿನ್ನ ನಂಬೋಕಾಗಲ್ಲ."