ದೋಣಿ ತಡೆಯುವ ಭಾರ

ಲೈಫ್ ಜಾಕೆಟ್ ಒಗೆಯುವಾಗ ಹಿಂಡಬಾರದು. ಹಿಂಡಿದರೆ ಒಳಗಿನ ಸ್ಪಂಜು ಸತ್ತು, ನಾವು ಮುಳುಗುವ ಹೊತ್ತಿಗೆ ಅದೂ ನಮ್ಮ ಜೊತೆ ಮುಳುಗುತ್ತದಂತೆ. ಇದನ್ನು ಇವರು, ಎಂದರೆ ನಮ್ಮ ಯಜಮಾನರು, ಬಚ್ಚಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ನಾನು ಎರಡನೆಯ ಜಾಕೆಟ್ಟಿನ ಕೊರಳಪಟ್ಟಿಯನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ನಮ್ಮ ಬಚ್ಚಲಿನ ನೀರನ್ನು ಬಿಟ್ಟರೆ ಆ ಜಾಕೆಟ್ಟುಗಳು ಬೇರೆ ನೀರು ಕಂಡಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ಒಗೆಯಬೇಕು, ನೆರಳಿನಲ್ಲಿ ಒಣಗಿಸಬೇಕು, ಅದಕ್ಕೆ ಕಟ್ಟಿರುವ ಸೀಟಿಯನ್ನು ಊದಿ ನೋಡಬೇಕು.

"ಊದು ನೋಡೋಣ," ಎಂದರು.

ಊದಿದೆ. ಕೆಳಗಿನ ಮನೆಯ ನರ್ಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಜ್ಜೀ, ಹಡಗು ಹೊರಟಿತಾ?" ಎಂದು ಕೂಗಿದಳು.

"ಇನ್ನೂ ಸ್ನಾನ ಮಾಡ್ತಾ ಇದೆಯಮ್ಮ," ಎಂದೆ.

"ಈ ಬೇಸಿಗೆಗಾದ್ರೂ ಹೊರಡುತ್ತಾ?"

"ನಮ್ಮನೆಯವರನ್ನ ಕೇಳು."

ಇವರು ಕೇಳಿಸದವರಂತೆ ಒಳಗೆ ಹೋದರು. ಹೋಗುವಾಗ ಹುಟ್ಟನ್ನು ಎಡವಿದರು. ದೋಣಿಯ ಎರಡು ಹುಟ್ಟುಗಳೂ ನಮ್ಮ ಮಂಚದ ಕೆಳಗಿರುತ್ತವೆ. ಮಂಚಕ್ಕಿಂತ ಅವು ಉದ್ದ, ಕಾಲಿನ ಕಡೆಯಿಂದ ಮೊಳದಷ್ಟು ಹೊರಗೆ ಚಾಚಿಕೊಂಡಿರುತ್ತವೆ. ಶೆಡ್ಡಿನಲ್ಲಿ ಬಿಟ್ಟರೆ ಬಿಸಿಲು ಥಂಡಿಗೆ ಬಾಗುತ್ತವೆಂದು ಇವರಿಗೆ ಚಿಂತೆ. ಅವು ಬಾಗಬಾರದೆಂದು ನಾವು ದಿನಾ ಎಡವುತ್ತೇವೆ.

ಇವರು ತೂಕ-ಅಳತೆ ಇಲಾಖೆಯಲ್ಲಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡಿ ಮುದ್ರೆ ಒತ್ತುವುದು ಕೆಲಸ. ನಿವೃತ್ತರಾದ ಮೇಲೆ ತಕ್ಕಡಿ ಇವರನ್ನು ಬಿಟ್ಟಿತು, ಇವರು ತೂಗುವುದನ್ನು ಬಿಡಲಿಲ್ಲ. ಊರಿನವರು ಎದುರಿಗೆ ‘ತಕ್ಕಡಿ ಸಾರ್’ ಅನ್ನುತ್ತಾರೆ, ಬೆನ್ನ ಹಿಂದೆ ಬರೀ ತಕ್ಕಡಿ.

ದೋಣಿ ಕೊಂಡದ್ದು ನನ್ನ ಅಕ್ಕನ ಮಾತಿಗೆ. ಅಕ್ಕನ ಮನೆ ಸರೋವರದ ಆಚೆ ದಡದಲ್ಲಿದೆ. ನಮ್ಮ ಅಪ್ಪ ಇದೇ ನೀರಿನ ಮೇಲೆ ಜನರನ್ನು ದಾಟಿಸುತ್ತಿದ್ದವರು. ರಸ್ತೆ ಬಂತು, ಬಸ್ಸು ಬಂತು, ಅಪ್ಪನ ದೋಣಿ ಸೌದೆಯಾಯಿತು. ಅದಕ್ಕೆ ಮೊದಲು ಅಕ್ಕ, ನಾನು ಒಂದೇ ಹಲಗೆಯ ಮೇಲೆ ಪಕ್ಕಪಕ್ಕ ಕೂತು ಹುಟ್ಟು ಹಾಕುತ್ತಿದ್ದೆವು. ಬಲಗಡೆಯ ಹುಟ್ಟು ಅವಳದು, ಎಡಗಡೆಯದು ನನ್ನದು. ಈಗ ಬಸ್ಸು ನೀರನ್ನು ಸುತ್ತಿಕೊಂಡು ಅರ್ಧ ದಿನ ತೆಗೆದುಕೊಳ್ಳುತ್ತದೆ. ಹಿಂದೊಮ್ಮೆ ನಾನು ಬಸ್ಸಿಳಿದು ಅವಳ ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ನಿಂತು ಹೇಳಿದಳು: "ಬಸ್ಸಲ್ಲಿ ಬರೋರು ನೆಂಟರು ಕಣೇ. ಇನ್ನೊಂದು ಸಲ ದೋಣೀಲಿ ಬಾ. ಒಂದೇ ಒಂದು ಸಲ ನಾವಿಬ್ಬರೂ ಜೊತೆಗೆ ಹುಟ್ಟು ಹಾಕ್ಬೇಕು, ಆಮೇಲೆ ಸಾಯಿ ಅಂದ್ರೂ ಸಾಯ್ತೀನಿ."

ಮನೆಗೆ ಬಂದು ಇದನ್ನು ಇವರಿಗೆ ಹೇಳಿದೆ. ಮಾರನೆಯ ವಾರ ಕ್ಷೌರದವನೊಬ್ಬ ಊರು ಬಿಡುವಾಗ ಮಾರಿದ ಪುಟ್ಟ ದೋಣಿಯನ್ನು ಕೊಂಡರು. ನಾನು ಅವತ್ತು ಮಾಡಿದ ಅಡುಗೆಗೆ ಎರಡು ಸಲ ಉಪ್ಪು ಹಾಕಿದೆನಂತೆ.

ಆಗ ನಾನು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಪ್ರೀತಿಯವರಿಗೊಂದು ಕಾಗದ ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ಅಕ್ಕನಿಗೆ ಬರೆದೆ. ಅವಳಿಗೆ ಕಿವಿ ಮಂದ. ಫೋನಿನಲ್ಲಿ ನಾನು ‘ಚೆನ್ನಾಗಿದ್ದೀಯಾ’ ಅಂದರೆ ಅವಳು ‘ತಂದಿಟ್ಟಿದ್ದೀನಿ’ ಅನ್ನುತ್ತಾಳೆ, ಹೀಗಾಗಿ ನಮ್ಮಿಬ್ಬರಿಗೆ ಕಾಗದವೇ ಗತಿ. "ದೋಣಿ ಬಂದಿದೆ. ಇಂಥ ದಿನ ಬರುತ್ತೇನೆ, ಕಟ್ಟೆಯ ಹತ್ತಿರ ನಿಂತಿರು," ಎಂದು ಬರೆದು, ದಿನದ ಜಾಗವನ್ನು ಖಾಲಿ ಬಿಟ್ಟೆ. ದಿನ ಇವರು ಹೇಳಬೇಕಿತ್ತು. ಮೇಷ್ಟ್ರು ತಿದ್ದಿದ ಮೇಲೆ ಒಳ್ಳೆಯ ಹಾಳೆಯಲ್ಲಿ ನಕಲು ಮಾಡಿ, ಸ್ಟಾಂಪು ಹಚ್ಚಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಅದಾದ ಮೇಲೆ ಆ ಮೊಳೆಗೆ ಎಷ್ಟೋ ಕ್ಯಾಲೆಂಡರು ಬಂದು ಹೋದವು.

ಯಾಕೆಂದರೆ ದೋಣಿ ತಯಾರಾಗಿರಲಿಲ್ಲ, ಅಕ್ಕನಿಗೆ ಬೇರೆ ಕಾಗದಗಳಲ್ಲಿ ಅದನ್ನೇ ಬರೆಯುತ್ತಿದ್ದೆ. ಇವರಿಗೆ ಹುಟ್ಟಿನ ಮೇಲೆ ನಂಬಿಕೆಯಿಲ್ಲ, ಅದಕ್ಕೆ ಬ್ಯಾಟರಿಯ ಮೋಟಾರು ತಂದರು. ಬ್ಯಾಟರಿಯ ಮೇಲೆ ನಂಬಿಕೆಯಿಲ್ಲ, ಇನ್ನೊಂದು ಬ್ಯಾಟರಿ ತಂದರು. ಎರಡೂ ಕೈಕೊಟ್ಟರೆ ದೋಣಿ ನಿಲ್ಲಬೇಕಲ್ಲ, ಲಂಗರು ಬಂತು. ಲಂಗರಿನ ಹಗ್ಗ ಹರಿದರೆ? ಮತ್ತೊಂದು ಲಂಗರು. ದೀಪ, ಗಂಟೆ, ಪಂಪು, ಪಂಪು ಕೆಟ್ಟರೆ ನೀರು ಮೊಗೆಯಲು ಬಕೆಟ್ಟು, ಔಷಧದ ಪೆಟ್ಟಿಗೆ, ಕುಡಿಯುವ ನೀರಿನ ಕ್ಯಾನು, ಸೀಮೆಎಣ್ಣೆ ಸ್ಟವ್ವು.

"ಸ್ಟವ್ವು ಯಾಕ್ರೀ?"

"ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ್ರೆ ಚಹಾ ಬೇಡ್ವಾ?"

ಆಚೆ ದಡದಲ್ಲಿ ಅಕ್ಕ ಬಟ್ಟೆ ಒಣಗಿಹಾಕಿದರೆ ನಮ್ಮ ಟೆರೇಸಿನಿಂದ ಕಾಣುತ್ತದೆ. ಸಿಕ್ಕಿಹಾಕಿಕೊಳ್ಳುವಷ್ಟು ಮಧ್ಯ ಅಲ್ಲಿಲ್ಲ. ತಂದ ಪ್ರತಿ ಸಾಮಾನನ್ನೂ ತೂಗಿ, ಬಿಳಿ ಬಣ್ಣದಲ್ಲಿ ಅದರ ಮೈಮೇಲೇ ತೂಕ ಬರೆದರು. ನನ್ನ ಮೈಮೇಲೆ ಬರೆಯಲಿಲ್ಲ ಅಷ್ಟೇ.

ದೋಣಿಯಿದ್ದದ್ದು ನೀರಂಚಿನ ಶೆಡ್ಡಿನಲ್ಲಿ. ಶೆಡ್ಡು ನೋಡಿಕೊಳ್ಳುವವಳು ಗಟ್ಟಿ ಹೆಂಗಸು, ನಕ್ಕರೆ ತಗಡು ನಡುಗುತ್ತದೆ. ಅವಳದೊಂದು ಕಟ್ಟಳೆ. ದೋಣಿಯ ತಳದಲ್ಲಿ ನೀರು ಇಳಿಸುವುದಕ್ಕೊಂದು ತೂತಿರುತ್ತದೆ, ಅದಕ್ಕೊಂದು ಬಿರಡೆ. ದೋಣಿ ಒಳಗಿಡುವಾಗ ಬಿರಡೆ ಬಿಚ್ಚಿ ಅವಳಿಗೆ ಕೊಡಬೇಕು, ಅವಳು ಗೋಡೆಯ ಮೊಳೆಗೆ ನೇತುಹಾಕುತ್ತಾಳೆ. ಹೊರಡುವ ದಿನ ಹುಟ್ಟು ಹಾಕುವವರ ಕೈಗೆ ಮಾತ್ರ ವಾಪಸು ಕೊಡುತ್ತಾಳೆ, ಬೇರೆ ಯಾರ ಕೈಗೂ ಇಲ್ಲ. ಹಿಂದೆ ಯಾರೋ ಅಳಿಯನ ಕೈಗೆ ಕೊಟ್ಟಳಂತೆ, ಅಳಿಯ ಅದನ್ನು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಹೋದನಂತೆ, ಮಾವ ದೋಣಿ ಇಳಿಸಿದರಂತೆ. ಮಾವ ಬದುಕಿದರು. ಅಳಿಯ ಈಗಲೂ ಆ ಮನೆಗೆ ಹೋಗುವುದಿಲ್ಲ.

ಪ್ರತಿ ಬೇಸಿಗೆ ಅವಳು ಬಿರಡೆ ಹಿಡಿದು, "ತಕ್ಕಡಿ ಸಾರ್, ಯಾರ ಕೈಗೆ?" ಎನ್ನುತ್ತಿದ್ದಳು. ಇವರು, "ಇನ್ನೊಂದು ಸಾಮಾನು ಬಾಕಿಯಿದೆ, ನೇತಾಡಲಿ," ಎನ್ನುತ್ತಿದ್ದರು. ಹೊರಡದ ದೋಣಿಯನ್ನು ಬಾಗಿಲ ಹತ್ತಿರ ಯಾರು ಇಡುತ್ತಾರೆ? ಅದು ಹಿಂದಕ್ಕೆ ಹಿಂದಕ್ಕೆ ಸರಿದು ಮೂಲೆ ಸೇರಿತು. ಟಾರ್ಪಾಲಿನ ಕೆಳಗೆ ಬೆಕ್ಕು ಮರಿ ಹಾಕಿತು. ಇವರು ಬೆಕ್ಕನ್ನೂ ತೂಗಿದರು.

ಜಾಕೆಟ್ಟು ಒಗೆದು ಹಗ್ಗಕ್ಕೆ ಹಾಕುವಾಗಲೇ ಅಂಚೆಯವನು ಬಂದ. ಅಕ್ಕನ ಕಾಗದ. ಅವಳ ಅಕ್ಷರ ಯಾವಾಗಲೂ ಜಗಳಕ್ಕೆ ನಿಂತ ಹಾಗಿರುತ್ತದೆ. "ಮಂಡಿ ಸೋತಿದೆ. ಮೆಟ್ಟಿಲು ಆಗೋದಿಲ್ಲ. ತಿಂಗಳ ಕೊನೆಗೆ ಮಗಳು ಲಾರಿ ತರ್ತಾಳೆ, ಅವಳ ಮನೆಗೆ ಹೋಗ್ತೀನಿ. ಅಲ್ಲಿ ನೀರು ನಲ್ಲೀಲಿ ಮಾತ್ರ ಬರುತ್ತಂತೆ. ನಿನ್ನ ದೋಣಿ ನಿನ್ನ ಗಂಡನ ತಲೆ ಮೇಲೆ ಹಾಕು."

ಒಳಗೆ ಹೋಗಿ ಇವರಿಗೆ ಓದಿ ಹೇಳಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ.

"ನಾಳೆ ಶೆಡ್ಡಿಗೆ ಹೋಗೋಣ," ಎಂದರು.

ಮಾರನೆಯ ಬೆಳಿಗ್ಗೆ ಹುಟ್ಟುಗಳನ್ನು ಹೊತ್ತು ಮೂರು ಮಹಡಿ ಇಳಿದೆವು. ಲಿಫ್ಟಿನಲ್ಲಿ ಅವು ಹಿಡಿಸುವುದಿಲ್ಲ. ಶೆಡ್ಡಿನವಳು ನಾಲ್ಕು ದೋಣಿ ಆಚೀಚೆ ತಳ್ಳಿ, ಬೆಕ್ಕಿಗೆ ಕ್ಷಮೆ ಕೇಳಿ, ನಮ್ಮದನ್ನು ಗಾಲಿಯ ಮೇಲೆ ಹೊರಗೆ ತಂದಳು. ಇವರು ಸಾಮಾನುಗಳನ್ನು ಒಂದೊಂದಾಗಿ ಅದರದರ ಜಾಗದಲ್ಲಿಟ್ಟು ಬಿಗಿದರು. ಕೈ ಚುರುಕಾಗಿತ್ತು, ಚೆನ್ನಾಗಿಯೂ ಮಾಡಿದರು. ಹಾಗೆ ಬಿಗಿದ ಗಂಟನ್ನು ನಾನು ಅಪ್ಪನ ಕೈಯಲ್ಲಿ ಮಾತ್ರ ನೋಡಿದ್ದೆ. ಆಮೇಲೆ ದೋಣಿಯ ಹಿಂಬದಿಗೆ ಬಗ್ಗಿ, ಅಲ್ಲಿ ಹೊಡೆದಿದ್ದ ತಗಡನ್ನು ಕರವಸ್ತ್ರದಿಂದ ಒರೆಸಿದರು. ದೋಣಿ ತಡೆಯುವ ಭಾರ ಎಷ್ಟೆಂದು ಕಾರ್ಖಾನೆಯವರು ಅದರಲ್ಲಿ ಕೆತ್ತಿದ್ದರು. ಇವರು ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದರು. ಇನ್ನೊಂದು ಸಲ ಹಾಕಿದರು.

"ಒಬ್ಬರಿಗೆ ಮಾತ್ರ ಜಾಗ ಉಳಿದಿದೆ," ಎಂದರು.

"ಇಬ್ಬರ ದೋಣಿಯಲ್ವಾ ಸಾರ್ ಇದು?" ಎಂದಳು ಶೆಡ್ಡಿನವಳು.

"ಹೌದು. ಇಬ್ಬರ ಸುರಕ್ಷತೆಗೆ ಬೇಕಾದ ಸಾಮಾನು ಹಾಕಿದ ಮೇಲೆ ಒಬ್ಬರಿಗೆ."

ಅವಳು ನಕ್ಕಳು. ತಗಡು ನಡುಗಿತು. "ಹಾಗಾದ್ರೆ ಸಾಮಾನೇ ಹೋಗಿ ಬರಲಿ ಬಿಡಿ. ನೀವಿಬ್ಬರೂ ದಡದಲ್ಲಿ ನಿಂತು ಕೈ ಬೀಸಿ."

ಇವರು ನಗಲಿಲ್ಲ. ನನ್ನ ಕಡೆ ತಿರುಗಿ, "ಬರೋ ವರ್ಷ ಇದಕ್ಕಿಂತ ಸ್ವಲ್ಪ ದೊಡ್ಡ ದೋಣಿ ನೋಡೋಣ," ಎಂದರು.

ಬರುವ ವರ್ಷ ಆಚೆ ದಡದಲ್ಲಿ ಬಟ್ಟೆ ಒಣಗಿಹಾಕುವವರು ಬೇರೆ ಯಾರೋ ಇರುತ್ತಾರೆ. ನಾನು ದೋಣಿಯೊಳಗೆ ಕೈ ಹಾಕಿ ಸ್ಟವ್ವನ್ನು ಬಿಚ್ಚಿ ನೆಲಕ್ಕಿಟ್ಟೆ.

"ಏನೇ ಅದು?"

"ಚಹಾ ಅಕ್ಕ ಕೊಡ್ತಾಳೆ." ಎರಡನೆಯ ಬ್ಯಾಟರಿಗೆ ಕೈ ಹಾಕಿದೆ.

"ಅದು ಬೇಕು!"

"ಮೊದಲನೇದನ್ನ ನಂಬಿ."

"ಮೊದಲನೇದನ್ನ ನಂಬೋದಿದ್ರೆ ಎರಡನೇದು ಯಾಕೆ ತರ್ತಿದ್ದೆ?"

"ಸರಿ, ಹಾಗಾದ್ರೆ ಎರಡೂ ಬೇಡ." ಎರಡನ್ನೂ ಶೆಡ್ಡಿನವಳು ಎತ್ತಿ ಇಳಿಸಿದಳು, ನನ್ನಿಂದ ಆಗುತ್ತಿರಲಿಲ್ಲ. ಬ್ಯಾಟರಿಯಿಲ್ಲದ ಮೇಲೆ ಮೋಟಾರಿಗೆ ಅಲ್ಲೇನು ಕೆಲಸ, ಅದೂ ಇಳಿಯಿತು. ಇವರು ಪ್ರತಿಯೊಂದಕ್ಕೂ ಬೇಡ ಬೇಡ ಎನ್ನುತ್ತಲೇ ಬಾಯಲ್ಲಿ ಕಳೆಯುವ ಲೆಕ್ಕ ಮಾಡುತ್ತಿದ್ದರು. ಅಭ್ಯಾಸಬಲ. "ಈಗ ಒಂದೂವರೆ ಜನ," ಎಂದರು. ಒಂದು ಲಂಗರು ಇಳಿಸಿದೆ, ನೀರಿನ ಕ್ಯಾನು ಇಳಿಸಿದೆ. "ಈಗ ಇಬ್ಬರು," ಎಂದರು, ಯಾರದೋ ಸಾವಿನ ಸುದ್ದಿ ಹೇಳುವ ದನಿಯಲ್ಲಿ. ಒಂದು ಲಂಗರು, ಬಕೆಟ್ಟು, ಹಗ್ಗ, ಜಾಕೆಟ್ಟುಗಳನ್ನು ಮುಟ್ಟಲಿಲ್ಲ. ಅಪ್ಪನೂ ಅಷ್ಟನ್ನು ಇಡುತ್ತಿದ್ದರು, ಜಾಕೆಟ್ಟು ಬಿಟ್ಟು.

ಶೆಡ್ಡಿನವಳು ಗೋಡೆಯಿಂದ ಬಿರಡೆ ತಂದಳು. ಅದರ ಮೇಲೆ ಧೂಳು ಕೂತಿತ್ತು. ಅವಳು ಉಫ್ ಎಂದು ಊದಿ, "ಯಾರ ಕೈಗೆ?" ಎಂದಳು.

ಇವರು ಬಿರಡೆಯನ್ನು ಕಹಿ ಔಷಧ ನೋಡುವ ಹಾಗೆ ನೋಡಿದರು. ಕೈಗಳು ಜೇಬಿನೊಳಗೆ ಹೋದವು. ನಾನು ಕೈ ಚಾಚಿದೆ. ಬಿರಡೆಯನ್ನು ತಿರುಗಿಸಿ ಬಿಗಿ ಮಾಡಿದೆ, ಅವಳೂ ಬಗ್ಗಿ ನೋಡಿ ತಲೆಯಾಡಿಸಿದಳು. ದೋಣಿ ಇಳಿಜಾರಿನಲ್ಲಿ ಜಾರಿ ನೀರಿಗೆ ಇಳಿಯಿತು. ಸೀರೆ ಎತ್ತಿಕಟ್ಟಿ ಹತ್ತಿ ಕೂತೆ.

"ಬನ್ನಿ," ಎಂದೆ.

ಇವರು ಜಾಕೆಟ್ಟು ಹಾಕಿಕೊಂಡು, ಸೀಟಿ ಪರೀಕ್ಷಿಸಿ, ಒಂದು ಕಾಲನ್ನು ದೋಣಿಯೊಳಗಿಟ್ಟರು. ದೋಣಿ ದೋಣಿಯಂತೆ ಸ್ವಲ್ಪ ಅಲ್ಲಾಡಿತು. ಇವರು ಕಾಲನ್ನು ವಾಪಸು ತೆಗೆದುಕೊಂಡರು. ಮುಖ ಸುಣ್ಣದ ಗೋಡೆಯಾಗಿತ್ತು.

ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬಕೆಟ್ಟಿನ ನೀರನ್ನೂ ತೋಳು ಚಾಚಿ ದೂರದಿಂದ ಮೊಗೆಯುವವರು ಇವರು. ಮದುವೆಯಾದ ಹೊಸದರಲ್ಲಿ ದಡದ ಮೇಲೆ ನಡೆಯುವಾಗ ನನ್ನನ್ನು ಯಾವಾಗಲೂ ನೀರಿನ ಕಡೆಗೆ ಬಿಡುತ್ತಿದ್ದರು, ನಾನು ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ಆದರೂ ನನ್ನ ಅಕ್ಕನ ಒಂದು ಮಾತಿಗೆ ಈ ಮನುಷ್ಯ ದೋಣಿ ಕೊಂಡಿದ್ದರು. ಅದಕ್ಕೇ ಇಷ್ಟು ದಿನ ನಾನು ಬಾಯಿ ಬಿಟ್ಟಿರಲಿಲ್ಲ.

"ಇನ್ನೊಂದು ಸಾಮಾನು ಇಳಿಸೋದಿದೆ," ಎಂದರು ಇವರು.

"ಯಾವುದು?"

"ನಾನು. ಎಲ್ಲಕ್ಕಿಂತ ಭಾರ ಅದೇ."

ಶೆಡ್ಡಿನವಳು ಬೆಕ್ಕನ್ನು ಹುಡುಕಿಕೊಂಡು ಒಳಗೆ ಹೋದಳು. ಬೆಕ್ಕು ಅವಳ ಕಾಲಹತ್ತಿರವೇ ಇತ್ತು.

"ನಾನು ಬಸ್ಸಲ್ಲಿ ಬರ್ತೀನಿ," ಎಂದರು. "ಸಾಮಾನೂ ನನ್ನ ಜೊತೆ ಬಸ್ಸಲ್ಲೇ ಬರಲಿ. ಆ ದಡದಲ್ಲಿ ಏನಾದ್ರೂ ಬೇಕಾದ್ರೆ ಇರುತ್ತೆ."

"ಬ್ಯಾಟರೀನ ಬಸ್ಸಲ್ಲಿ ಬಿಡ್ತಾರೇನ್ರೀ?"

"ಕೇಳ್ತೀನಿ."

"ಅಕ್ಕ ನಿಮ್ಮನ್ನ ನೆಂಟರು ಅಂತಾಳೆ."

"ಅನ್ನಲಿ. ನೆಂಟರಿಗೆ ಕೂತಲ್ಲೇ ಚಹಾ ಬರುತ್ತೆ." ಆಮೇಲೆ, "ಒಂದು ಸುತ್ತು ಹಾಕು ನೋಡೋಣ. ಹುಟ್ಟು ಬಾಗಿದೆಯೋ ಏನೋ ತಿಳೀಬೇಕಲ್ಲ," ಎಂದರು.

ಹುಟ್ಟು ಬಾಗಿರಲಿಲ್ಲ. ಕೈ ಮರೆತಿರಲಿಲ್ಲ. ಆದರೆ ದೋಣಿ ನೆಟ್ಟಗೆ ಹೋಗಲೊಲ್ಲದು. ಚಿಕ್ಕಂದಿನಿಂದ ನನ್ನದು ಎಡಗಡೆಯ ಹುಟ್ಟೊಂದೇ, ಎಡಗೈಗೆ ಮಾತ್ರ ಬಲ. ಎಷ್ಟು ಎಳೆದರೂ ದೋಣಿ ಅಕ್ಕ ಕೂರುತ್ತಿದ್ದ ಬಲಗಡೆಗೇ ತಿರುಗಿಕೊಳ್ಳುತ್ತಿತ್ತು. ಶೆಡ್ಡಿನ ಮುಂದೆ ಗಾಣದೆತ್ತಿನ ಹಾಗೆ ಸುತ್ತಿದೆ. ಇವರು ದಡದಿಂದ, "ಬಲಗೈ! ಬಲಗೈ!" ಎಂದು ಕೂಗಿ ಸೀಟಿ ಊದುತ್ತಿದ್ದರು. ಬಲಗೈಗೆ ಬುದ್ಧಿ ಬರುವ ಹೊತ್ತಿಗೆ ಬಿಸಿಲೇರಿತ್ತು.

ಮನೆಗೆ ಬಂದು ಕ್ಯಾಲೆಂಡರಿನ ಹಿಂದಿನಿಂದ ಕಾಗದ ತೆಗೆದೆ. ಲಕೋಟೆಯ ಅಂಚು ಹಳದಿಯಾಗಿತ್ತು. ಖಾಲಿ ಬಿಟ್ಟಿದ್ದ ಜಾಗದಲ್ಲಿ ‘ಭಾನುವಾರ’ ಎಂದು ತುಂಬಿದೆ. ಅಕ್ಷರ ಈಗ ಆಗಿನದಕ್ಕಿಂತ ಚೆನ್ನಾಗಿರುವುದರಿಂದ ಆ ಪದ ಒಂದೇ ಬೇರೆಯವರು ಬರೆದ ಹಾಗೆ ಕಾಣುತ್ತಿತ್ತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ನಮ್ಮನೆಯವರು ಬಸ್ಸಿನಲ್ಲಿ ಬರುತ್ತಾರೆ, ಏನೂ ಅನ್ನಬೇಡ. ಬಲಗಡೆಯ ಜಾಗ ನಿನಗೆ ಬಿಟ್ಟಿದ್ದೇನೆ. ಮಂಡಿಗೆ ನೋವಾಗದ ಹಾಗೆ ನಾನೂ ಇವರೂ ಹಿಡಿದು ಹತ್ತಿಸುತ್ತೇವೆ."

ಇವರು ಲಕೋಟೆಯನ್ನು ತೆಗೆದುಕೊಂಡು ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲಿಟ್ಟರು. ಸ್ಟಾಂಪು ಹಳೆಯ ದರದ್ದು, ಸಾಲದು ಎಂದು ಇನ್ನೊಂದನ್ನು ಹಚ್ಚಿದರು. ಹಚ್ಚಿದ ಮೇಲೆ ಮತ್ತೆ ತೂಗಿದರು.

"ಪರವಾಗಿಲ್ಲ, ಹೋಗುತ್ತೆ," ಎಂದರು.

ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದೆ. ನರ್ಸಮ್ಮ ಮೆಟ್ಟಿಲ ಮೇಲೆ ಸಿಕ್ಕಿ ಎಲ್ಲಿಗೆ ಅಜ್ಜಿ ಎಂದಳು. ಅಂಚೆಪೆಟ್ಟಿಗೆಗೆ ಎಂದು ಹೇಳಿ, ಬೀದಿಯ ಮೂಲೆಯವರೆಗೆ ನಡೆದು, ಅದರ ಬಾಯಿಗೆ ಕಾಗದವನ್ನು ಹಾಕಿ, ಒಳಗೆ ಬಿದ್ದ ಸದ್ದು ಕೇಳುವವರೆಗೂ ನಿಂತಿದ್ದೆ.