ಮಧ್ವರಾಜರಿಗಿಂತ ಗಟ್ಟಿ

ಗೋಡೆಗೆ ಒರಗಿಸಿ ಕೂರಿಸಿದ್ದ ಅಪ್ಪನ ಹಣೆಗೆ ಪೂರ್ಣಿಮಾ ಇನ್ನೊಮ್ಮೆ ವಿಭೂತಿ ಹಚ್ಚುತ್ತಿದ್ದಾಗ ಹೋಟೆಲಿನ ಮಧ್ವರಾಜರು ಏದುಸಿರು ಬಿಡುತ್ತ ಮೂರನೇ ಮಹಡಿ ಹತ್ತಿ ಬಂದರು. ಬೈಪಾಸ್ ಆದವರು, ಸಕ್ಕರೆ ಕಾಯಿಲೆ ಬೇರೆ. ಚೆನ್ನೈನ ವೆಸ್ಟ್ ಮಾಂಬಲಂನ ಆ ಬೀದಿಯಲ್ಲಿ ಮೊದಲು ಹೋಗುವವರು ಇವರೇ ಎಂದು ಎಲ್ಲರೂ ಅಂದುಕೊಂಡಿದ್ದರು. ಹೋದದ್ದು ಒಂದು ಮಾತ್ರೆಯನ್ನೂ ನುಂಗದ ಅವಳಪ್ಪ ರೇವಣಸಿದ್ದಪ್ಪ.

“ನಲ್ಲಾ ತಾನೇ ಇರುಂದಾರು,” ಎಂದಳು ಕೆಳಮನೆಯ ಮಾಮಿ.

ಚೆನ್ನಾಗೇ ಇದ್ದರಂತೆ. ಬೆಳಗಿನಿಂದ ಬಂದವರೆಲ್ಲ ಇದನ್ನೇ ಹೇಳುತ್ತಿದ್ದರು. ಪೂರ್ಣಿಮಾಳಿಗೆ ಮೈ ಉರಿಯಿತು.

“ಎಷ್ಟು ಸಲ ಹೇಳಿದ್ದೆ ಮಗಾ, ಒಂದು ಇಸಿಜಿ ತೆಗೆಸಿ ಅಂತ,” ಎಂದರು ಮಧ್ವರಾಜರು. “ನನ್ನೆದುರು ಕೂತು ನಗಾಡಿದ್ರು.”

“ನಿಮ್ಮನ್ನ ನೋಡೇ ನಕ್ಕಿದ್ದು, ಅಂಕಲ್.”

ಅಂದ ಮೇಲೆ ಪಾಪ ಅನ್ನಿಸಿತು. ಅವರು ಹೆಣದ ಪಕ್ಕ ಕೂತರು.

*

ಹೋದ ತಿಂಗಳು ಪುರಸೈವಾಕ್ಕಂನ ಅಂಗಡಿಯಿಂದ ಬಂದ ಅಪ್ಪ ಮೆಟ್ಟಿಲ ಮೇಲೇ ಕೂತು ಎಡಗೈ ತಿಕ್ಕಿಕೊಳ್ಳುತ್ತಿದ್ದ. ಪೂರ್ಣಿಮಾ ಹಟ ಹಿಡಿದು ಡಾಕ್ಟರನ್ನು ನೋಡಲು ಒಂದು ಸಂಜೆ ಗೊತ್ತು ಮಾಡಿದಳು. ಆ ಸಂಜೆ ಅಪ್ಪ ಹೋದದ್ದು ಮಾತ್ರ ಮಧ್ವರಾಜರ ಮನೆಗೆ. ಅಲ್ಲಿಗೆ ಹೋಗಿ ಬಂದ ದಿನ ಅವನಿಗೆ ಹಸಿವು ಜಾಸ್ತಿ.

“ಅವರ ಮಾತ್ರಿ ಡಬ್ಬಿ ನೋಡಬೇಕವಾ, ನನ್ನ ಬುತ್ತಿಗಿಂತ ದೊಡ್ಡದೈತಿ,” ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. “ಅವರ ಮುಂದ ನಾ ಕುದುರಿಯಂಗ ಅದೀನಿ. ನನಗ್ಯಾಕ ಡಾಕ್ಟರು?”

ಅಮ್ಮ ಬಸವಣ್ಣೆಮ್ಮ ತುಪ್ಪ ಬಡಿಸುತ್ತ ಹೌದೌದೆಂದಿದ್ದಳು.

*

ಕೂರಿಸಿ ಒಯ್ಯುವ ಹೂವಿನ ಚಟ್ಟ ಸಿದ್ಧವಾಗಿದೆಯೆಂದು ಕೆಳಗಿನಿಂದ ಕೂಗಿದರು. ಅಮ್ಮ ಏಳಲು ಹೋಗಿ ಗೋಡೆ ಹಿಡಿದಳು. ಬಾಯಿ ತೆರೆದು ಉಸಿರೆಳೆದು ಮತ್ತೆ ಕೂತಳು.

“ಯವ್ವಾ, ಯಾವಾಗಿಂದ ಹಿಂಗ?”

“ದೀಪಾವಳಿಂದ. ಮೆಟ್ಲಾ ಹತ್ತಿದ್ರ ಅಷ್ಟ.”

“ಯಾಕ ಹೇಳಲಿಲ್ಲ? ನಾಳೆನ ಡಾಕ್ಟರ್ ಕಡೆ ಹೋಗೂಣು.”

“ನಂಗೇನಾಗೇತಿ?” ಬಸವಣ್ಣೆಮ್ಮ ಗಂಡನ ಕಡೆ ನೋಡಿದಳು. “ನಿಮ್ಮಪ್ಪನಂಗ ಕೈ ಏನ್ ನೋಯಂಗಿಲ್ಲ ನಂದು.”

ಪೂರ್ಣಿಮಾಳಿಗೆ ಕೂಗಿಕೊಳ್ಳಬೇಕೆನಿಸಿತು. ಮನೆ ತುಂಬ ಜನ. ಅಮ್ಮನ ಸೀರೆಯ ಅಂಚು ಸರಿಸಿ, ಬಾತ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಬೆರಳು ನಾದಿದ ಹಿಟ್ಟಿಗೆ ಇಳಿದಂತೆ ಇಳಿಯಿತು.

ಗಂಡಸರು ಅಪ್ಪನನ್ನು ಎತ್ತಿದರು, ಬಾಗಿಲು ದಾಟಿಸಿದರು, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಅಮ್ಮನ ಪಾದದಲ್ಲಿ ಬಿದ್ದ ಗುಳಿ ಇನ್ನೂ ತುಂಬಿರಲಿಲ್ಲ.