ಕಸದ ತೊಟ್ಟಿಯ ಪಕ್ಕದ ಜಾಗ

ಈ ಬೇಸಿಗೆಯಲ್ಲಿ ಒದೀಲ್ ಕೇಳಿದ್ದು ಒಂದೇ ಒಂದು. ರಜೆ ಮುಗಿಯುವವರೆಗೆ ತಾನು ಹೊರಗಿನವರಿಗೆ ಯಾರಿಗೂ ಬೇಯಿಸಿ ಹಾಕುವುದಿಲ್ಲ.

ನನ್ನ ಹೆಂಡತಿ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ವರ್ಷವಿಡೀ ಊರಿನ ಮಕ್ಕಳಿಗೆಲ್ಲ ಬೇಯಿಸಿ ಸಂಜೆ ಮನೆಗೆ ಬಂದರೆ ಅವಳ ಕೂದಲಿನಲ್ಲಿ ಬೆಂದ ಹೂಕೋಸಿನ ವಾಸನೆ ಇರುತ್ತದೆ. ಆಗಸ್ಟ್ ಬಂತೆಂದರೆ ಕಾರಿನ ತಲೆಯ ಮೇಲೆ ಡೇರೆ ಕಟ್ಟಿಕೊಂಡು ಸಮುದ್ರದ ಕಡೆ ಹೊರಡುತ್ತೇವೆ. ಹೋದ ವರ್ಷದ ರಜೆಯಲ್ಲಿ ಅವಳು ಸಮುದ್ರಕ್ಕಿಂತ ಹೆಚ್ಚಾಗಿ ಈರುಳ್ಳಿ ನೋಡಿದ್ದಳು. ಅದು ಅವಳ ಮಾತು, ನನ್ನದಲ್ಲ.

ಕಾರು ಪೈನ್ ಮರಗಳ ನಡುವಿನ ದಾರಿಗೆ ಇಳಿಯುತ್ತಿದ್ದಾಗ ಅವಳು ಮತ್ತೆ ಹೇಳಿದಳು. "ರೆಜಿಸ್, ಇನ್ನೊಂದ್ ಸಲ ಕೇಳಿಸ್ಕೋ. ನೀನು, ನಾನು, ಕೊರಾಲಿ. ಮೂರೇ ತಟ್ಟೆ. ನಾಲ್ಕನೇ ತಟ್ಟೆ ಕಂಡ್ರೆ ನಾನು ಬೇರೆ ಕಡೆ ಹೋಗಿ ರಜೆ ಮಾಡ್ತೀನಿ."

"ಆಯ್ತು ಅಂದ್ನಲ್ಲ."

"ನೀನು ಯಾವತ್ತೂ ಆಯ್ತು ಅಂತೀಯ."

ಹಿಂದಿನ ಸೀಟಿನಿಂದ ಕೊರಾಲಿ ನಕ್ಕಳು. ನಮ್ಮ ಮಗಳಿಗೆ ಹದಿನಾರು. ಆ ವಯಸ್ಸಿನಲ್ಲಿ ಅಪ್ಪ ಬಾಯಿಬಿಟ್ಟರೆ ನಗು, ಮುಚ್ಚಿದರೂ ನಗು.

ಡೇರೆ ಹಾಕಲು ಬಾಡಿಗೆಗೆ ಜಾಗ ಕೊಡುವ ಆ ಕ್ಯಾಂಪಿನಲ್ಲಿ ನಮ್ಮ ಜಾಗ ಬೇಲಿಯ ಪಕ್ಕದ್ದು. ಪ್ರತಿ ವರ್ಷ ಅದೇ. ಅಲ್ಲಿ ಹೋಗಿ ನೋಡಿದರೆ ಪಕ್ಕದಲ್ಲಿ ಹೊಸದೊಂದು ಕ್ಯಾರವಾನ್ ನಿಂತಿದೆ, ಅದರ ಮುಂದಿನ ಚಪ್ಪರದ ಹಗ್ಗ ಬೇಲಿಯನ್ನು ಹಾರಿ ಬಂದು ನಮ್ಮ ನೆಲದಲ್ಲಿ ಗೂಟ ಹೊಡೆದುಕೊಂಡಿದೆ. ನನ್ನ ನೆಲದಲ್ಲಿ! ಕಾರಿನ ಬಾಗಿಲು ಕೂಡ ಮುಚ್ಚದೆ ಹೋಗಿ ಗೂಟ ಕಿತ್ತೆ. ಚಪ್ಪರದ ಒಂದು ಮೂಲೆ ಪೊತ್ತೆಂದು ಕುಸಿಯಿತು. ಅದರಡಿಯಿಂದ ಡೊಳ್ಳುಹೊಟ್ಟೆಯವನೊಬ್ಬ, ಮೈಮೇಲೆ ಚಡ್ಡಿ ಒಂದೇ, ಬುಸುಗುಟ್ಟುತ್ತಾ ಹೊರಬಂದ. ಹೆಸರು ಫಾಬ್ರಿಸ್. ಉತ್ತರದ ಕಡೆಯವನು, ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು.

"ಏನ್ರೀ, ಗೂಟ ಕೀಳೋಕೆ ಯಾರ್ರೀ ನೀವು?"

"ಗೂಟ ಹೊಡೆಯೋಕೆ ಯಾರ್ರೀ ನೀವು?"

"ಒಂದು ಗೇಣು ಜಾಗಕ್ಕೆ ಇಷ್ಟು ಅರಚ್ತೀರಲ್ಲ, ನಾಚಿಕೆ ಆಗಲ್ವಾ?"

"ಗೇಣು ಗೇಣಾಗೇ ಊರು ಹೋಗೋದು!"

ಜಗಳ ಚೆನ್ನಾಗಿ ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಅವನ ಹೆಂಡತಿ ನಾದೆಜ್ ಕ್ಯಾರವಾನಿನ ಕಿಟಕಿಯಿಂದ ತಲೆ ಹಾಕಿದಳು. "ಈ ಬಿಸಿಲಲ್ಲಿ ಜಗಳ ಯಾಕೆ? ಗೂಟ ಆಚೆ ಹೊಡೀತಾನೆ ಬಿಡಿ. ಸಂಜೆ ಮೂವರೂ ಅಪೆರೊಗೆ ಬನ್ನಿ."

ಅಲ್ಲಿಗೆ ಕೆಟ್ಟಿತು. ಅಪೆರೊ ಎಂದರೆ ಊಟಕ್ಕೆ ಮುಂಚೆ ಒಂದು ಲೋಟ ಕುಡಿಯುವುದು, ಅಷ್ಟೆ. ಆದರೆ ನಮ್ಮ ಜನದಲ್ಲಿ ಚಾಚಿದ ಕೈಯನ್ನು ಬೇಕಾದರೆ ತಳ್ಳಿಬಿಡಬಹುದು, ಚಾಚಿದ ಲೋಟ ತಳ್ಳುವಂತಿಲ್ಲ. ತಳ್ಳಿದರೆ ರಜೆ ಮುಗಿಯುವವರೆಗೂ ಯುದ್ಧ. ಬೆಳಿಗ್ಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅದೇ ಮುಖದ ಪಕ್ಕದಲ್ಲಿ ಸ್ನಾನದ ಸರದಿಗೆ ನಿಲ್ಲಬೇಕು, ಮಧ್ಯಾಹ್ನ ಅದೇ ಮುಖದ ಪಕ್ಕದಲ್ಲಿ ಪಾತ್ರೆ ತೊಳೆಯಬೇಕು. ಒದೀಲ್ ನನ್ನನ್ನು ನೋಡಿದಳು, ನಾನು ಆಕಾಶ ನೋಡಿದೆ. ಹೋದೆವು.

ಆಲಿವ್ ಇಟ್ಟರು, ಒಣ ಸಾಸೇಜ್ ಇಟ್ಟರು, ಮೀನು ಅರೆದು ಬ್ರೆಡ್ಡಿಗೆ ಸವರಿದ್ದನ್ನೂ ಇಟ್ಟರು. ಸೋಂಪಿನ ಮದ್ಯ ನೀರು ಬೆರೆತು ಬೆಳ್ಳಗಾಯಿತು. ಫಾಬ್ರಿಸ್ ಅಷ್ಟೇನೂ ಕೆಟ್ಟವನಲ್ಲ ಎನಿಸತೊಡಗಿತು, ಅದೇ ಆ ಮದ್ಯದ ಮೋಸ. ಎದ್ದು ಹೊರಡುವಾಗ ನನ್ನ ಬಾಯಿಂದ ಬಂದೇಬಿಟ್ಟಿತು. "ನಾಳೆ ನಮ್ಮಲ್ಲಿ."

ನಾನು ಹೇಳಿದ್ದಲ್ಲ, ಬಿಕ್ಕಳಿಕೆಯ ಹಾಗೆ ತಾನಾಗಿ ಬಂತು. ನನ್ನಪ್ಪ ಹೇಳುತ್ತಿದ್ದ, ಅವನಪ್ಪನೂ ಹೇಳುತ್ತಿದ್ದ. ಒಬ್ಬರ ಲೋಟ ಕುಡಿದು ಸುಮ್ಮನೆ ಎದ್ದುಬರುವವನನ್ನು ನಮ್ಮೂರಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ.

ಡೇರೆಯೊಳಗೆ ಒದೀಲ್ ಅಂದಳು, "ನೀನು ಮಾಡಿಗೆ ಹೊಡೆಯೋ ಮೊಳೆ ಇದೆಯಲ್ಲ, ಅದರಲ್ಲಿ ಒಂದನ್ನ ನಿನ್ನ ನಾಲಿಗೆಗೆ ಹೊಡೀಬೇಕು." ಸ್ಲೇಟುಕಲ್ಲಿನ ಮಾಡು ಹೊದಿಸುವುದು ನನ್ನ ಕಸುಬು.

"ಬರೀ ಲೋಟ ಕಣೇ. ಒಂದು ಪೊಟ್ಟಣ ಚಿಪ್ಸ್. ನೀನು ಕುರ್ಚಿಯಿಂದ ಏಳೋದೇ ಬೇಡ."

ಮರುದಿನ ಸಂಜೆ ಫಾಬ್ರಿಸ್ ಬರುವಾಗ ಎದುರಿನ ಡೇರೆಯ ಮುದುಕ ಮುದುಕಿಯನ್ನೂ ಕರೆತಂದ. ಅರ್ಮಾನ್, ಸಿಮೋನ್. ಮುದುಕ ಜೀವಮಾನವಿಡೀ ಅಂಚೆ ಹಂಚಿದವನು. "ಪಾಪ, ಇಬ್ಬರೇ ಕೂತಿದ್ರು" ಎಂದ ಫಾಬ್ರಿಸ್. ಇಬ್ಬರೇ ಕೂರಲಿ ಬಿಡೋ! ಅದಕ್ಕೇ ತಾನೇ ಮದುವೆಯಾಗುವುದು? ಚಿಪ್ಸ್ ಮೊದಲ ಲೋಟಕ್ಕೇ ಮುಗಿಯಿತು. ನಾದೆಜ್ ಖಾಲಿ ಬಟ್ಟಲಿನ ತಳವನ್ನು ನೋಡಿದಳು. ನನ್ನ ಕಿವಿ ಬಿಸಿಯಾಯಿತು. ಕಾರು ಕಲಿಸುವವನು ಮೂರು ಬಗೆ ಇಟ್ಟಿದ್ದಾನೆ, ನಾನು ಖಾಲಿ ಬಟ್ಟಲು ಇಟ್ಟುಕೊಂಡು ಕೂರಲೇ?

"ಒದೀಲ್, ಆ ಕರಬೂಜ ಇತ್ತಲ್ಲ..."

ಅವಳು ಎದ್ದು ಕರಬೂಜ ಹೆಚ್ಚಿದಳು. ಕರಬೂಜದ ಜೊತೆ ಉಪ್ಪು ಹಾಕಿದ ಹಂದಿಮಾಂಸದ ತೆಳು ಹೋಳು ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲ, ಅದೂ ಬಂತು. ಅರ್ಮಾನ್ ಎರಡು ಸಲ ತೆಗೆದುಕೊಂಡು, ಮೂರನೆಯದಕ್ಕೆ ಕೈ ಚಾಚಿ, ನಾಚಿ ಹಿಂತೆಗೆದ. ಮುದುಕನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲಾಗುತ್ತದೆಯೇ? ಮೊಟ್ಟೆ ಒಡೆದದ್ದಾಯಿತು.

ಹೊರಡುವಾಗ ಮುದುಕ ಟೋಪಿ ಎತ್ತಿ ಅಂದ, "ನಾಳೆ ನಮ್ಮಲ್ಲಿ."

ಇದು ಕೊನೆಯಿಲ್ಲದ ರೋಗ. ಅವನು ತಾನೇ ಗಾಳ ಹಾಕಿ ಹಿಡಿದ ಬಂಗುಡೆ ಸುಟ್ಟುಕೊಟ್ಟ, ಅದಕ್ಕೆ ನಾವು ಕೋಳಿ ಕೊಡಬೇಕಾಯಿತು. ಕೋಳಿಯ ವಾಸನೆಗೆ ಮೂಲೆಯ ಕ್ಯಾರವಾನಿನವರು ಬಂದರು. ಅವರ ಹಿಂದೆ ಅವರ ಅಳಿಯ ಬಂದ. ದಿನ ಬಿಟ್ಟು ದಿನ ಒದೀಲ್ ಸಣ್ಣ ಗ್ಯಾಸ್ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. "ನಾನು ಮಾಡ್ತೀನಿ, ನೀನು ಕೂತ್ಕೋ" ಎಂದು ಒಂದು ದಿನ ಸಾಸೇಜ್ ಸುಡಲು ಹೋದೆ. ಇದ್ದಿಲು ಯಾವುದು, ಸಾಸೇಜ್ ಯಾವುದು ಎಂದು ಹುಡುಕಬೇಕಾಯಿತು. ಒದೀಲ್ ಇಕ್ಕಳ ಕಿತ್ತುಕೊಂಡಳು. ಕಿತ್ತುಕೊಂಡದ್ದು ಅವಳು. ಇದನ್ನು ಅವಳಿಗೆ ನೆನಪಿಸಿದಾಗ ಇಕ್ಕಳ ನನ್ನ ಕಡೆಗೇ ತಿರುಗಿತು.

ಕೊರಾಲಿ ಹಾಯಾಗಿ ತೂಗುಮಂಚದಲ್ಲಿ ಮಲಗಿ, "ಅಪ್ಪಾ, ಮುಂದೆ ಒಂದು ಬೋರ್ಡ್ ಹಾಕ್ಬಿಡು, ಒಳ್ಳೆ ವ್ಯಾಪಾರ ಆಗತ್ತೆ" ಎನ್ನುತ್ತಿದ್ದಳು.

"ನೀನು ಎದ್ದು ಅಮ್ಮಂಗೆ ಸಹಾಯ ಮಾಡಬಾರದಾ?"

"ನಾನು ಯಾರನ್ನೂ ಕರೆದಿಲ್ಲಪ್ಪ."

ಎಲ್ಲದಕ್ಕೂ ಕಳಶ ಇಟ್ಟದ್ದು ಫಾಬ್ರಿಸ್. ಅವತ್ತು ಸರದಿ ಅವನದಾಗಿತ್ತು, ನಮ್ಮ ಡೇರೆಗಳ ಸಾಲಿನವರೆಲ್ಲ ಕೂತಿದ್ದೆವು. ಸಮುದ್ರದ ಇಳಿತ ಚೆನ್ನಾಗಿದೆ, ಬಂಡೆಗಳ ಮೇಲೆ ಕಪ್ಪೆಚಿಪ್ಪು ಗೊಂಚಲು ಗೊಂಚಲಾಗಿ ಸಿಗುತ್ತದೆ ಎಂದು ಅರ್ಮಾನ್ ಹೇಳಿದ. ನಾನು ಬಕೆಟ್ ತರುತ್ತೇನೆ ಎಂದೆ. ಫಾಬ್ರಿಸ್ ಹೊಟ್ಟೆ ಕುಣಿಸಿ ನಕ್ಕ.

"ನೀನಾ? ಒಳನಾಡಿನ ಮಾಡಿನವನಿಗೆ ಚಿಪ್ಪು ಬೇಯಿಸೋಕೆ ಬರುತ್ತಾ? ಸ್ಲೇಟು ಕಲ್ಲನ್ನೇ ಬೇಯಿಸಿ ಬಡಿಸ್ತೀಯ!"

ಎಲ್ಲರೂ ನಕ್ಕರು. ಮೂಲೆಯವರ ಅಳಿಯನೂ ನಕ್ಕ, ಮೂರು ಸಲ ನನ್ನ ಕೋಳಿ ತಿಂದವನು! ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. "ನಾಳೆ ಸಂಜೆ ಬನ್ನಿ! ಎಲ್ಲರೂ ಬನ್ನಿ, ಸಾಲಿಗೆ ಸಾಲೇ ಬನ್ನಿ! ಚಿಪ್ಪು ಅಂದ್ರೆ ಏನು ಅಂತ ತೋರಿಸ್ತೀನಿ!"

ಚಪ್ಪಾಳೆ ಬಿತ್ತು. ಒದೀಲ್ ತನ್ನ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ನನ್ನ ಕಡೆ ನೋಡಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ಬ್ರೆಡ್ಡಿನ ಸಾಲಿನಲ್ಲಿ ನಿಂತು, ಮುಂದಿದ್ದ ಹೆಂಗಸು ಯಾವ ಬನ್ನು ಬೇಕೆಂದು ಯೋಚಿಸುವಷ್ಟರಲ್ಲಿ ಮುದುಕನಾಗಿ, ಬಿಸಿ ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು ಮರಳಿದರೆ ಒದೀಲ್‌ಳ ಮಡಿಸುವ ಕುರ್ಚಿ ಇಲ್ಲ. ಅವಳ ಚೀಲ ಇಲ್ಲ. ಕೊರಾಲಿ ಮಲಗುವ ಪುಟ್ಟ ಡೇರೆ ಇದ್ದಲ್ಲಿ ಹಳದಿ ಹುಲ್ಲಿನ ಚೌಕ ಉಳಿದಿದೆ.

"ಅಮ್ಮ ಎಲ್ಲಿ?"

"ರಜೆಗೆ ಹೋದ್ರು," ಎಂದಳು ಕೊರಾಲಿ. "ನನ್ನ ಡೇರೆ ತಗೊಂಡ್ರು. ನಾನಿನ್ನು ನಿನ್ನ ಡೇರೆಯಲ್ಲಿ ಮಲಗ್ಬೇಕಂತೆ, ನಿನ್ನ ಗೊರಕೆ ಬೇರೆ."

"ಎಲ್ಲಿಗೆ ಹೋದ್ಲೇ?"

"ಕಸದ ತೊಟ್ಟಿ ಹತ್ರ. ಆಫೀಸಲ್ಲಿ ಕೇಳಿದ್ರಂತೆ, ಖಾಲಿ ಇರೋದು ಅದು ಮತ್ತೆ ಅದರ ಪಕ್ಕದ್ದು, ಎರಡೇ ಅಂದ್ರಂತೆ."

ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಪೈನ್ ಎಲೆಗಳು ಸೂಜಿಯ ಹಾಗೆ ಚುಚ್ಚಿದವು. ಕ್ಯಾಂಪಿನ ಆ ತುದಿಯಲ್ಲಿ ಹಸಿರು ತೊಟ್ಟಿಗಳ ಸಾಲು, ಮೀನಿನ ತಲೆಗಳ ನಾತ, ಗುಂಯ್ಗುಡುವ ಕಣಜಗಳು. ನಡುವೆ ಪುಟ್ಟ ಡೇರೆ, ಸುತ್ತ ಎಳೆದು ಕಟ್ಟಿದ ಒಂದು ಹಗ್ಗ. ಅದರ ಮುಂದೆ ಒದೀಲ್ ಬಿಸಿಲಿಗೆ ಕಾಲು ಚಾಚಿ ಪುಸ್ತಕ ಓದುತ್ತಿದ್ದಳು.

"ಹುಚ್ಚಾ ನಿಂಗೆ? ಈ ವಾಸನೆಯಲ್ಲಿ?"

"ಹಗ್ಗ ದಾಟ್ಬೇಡ. ಇದು ನನ್ನ ಜಾಗ."

"ಒದೀಲ್!"

"ಮೆಲ್ಲಗೆ ಮಾತಾಡು, ಇಲ್ಲಿ ರಜೆಗೆ ಬಂದೋರಿದಾರೆ." ಪುಟ ತಿರುಗಿಸಿದಳು. "ವಾಸನೆ ಇದೆ, ಹೌದು. ಅದಕ್ಕೇ ಇಲ್ಲಿ ಯಾರೂ ಅಪೆರೊಗೆ ಬರಲ್ಲ. ಎಂಥಾ ಒಳ್ಳೆ ಜಾಗ!"

"ಇವತ್ತು ಸಾಲಿಗೆ ಸಾಲೇ ಬರ್ತಿದೆ. ಚಿಪ್ಪು ಯಾರು ಬೇಯಿಸ್ತಾರೆ?"

"ಕರೆದೋರು."

"ನಂಗೆ ಬರಲ್ಲ ಅಂತ ನಿಂಗೊತ್ತು."

"ಫಾಬ್ರಿಸ್‌ಗೂ ಗೊತ್ತು." ಆಗ ಪುಸ್ತಕ ಮಡಿಲಲ್ಲಿಟ್ಟು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಒಂದು ಕೈ ನೋಡುತ್ತಿದ್ದೆ. "ರೆಜಿಸ್, ನಾನು ವರ್ಷಕ್ಕೊಂದ್ಸಲ ಕೇಳ್ತೀನಿ. ಮುಂದಿನ ವರ್ಷ ಕೇಳಲ್ಲ. ಮೊದಲೇ ಬೇರೆ ಜಾಗ ಹಿಡ್ಕೋತೀನಿ, ಬೇರೆ ಸಮುದ್ರದ ಹತ್ರ."

ನಾನು ವಾಪಸು ಬಂದೆ. ದಾರಿಯುದ್ದಕ್ಕೂ ಬೈದುಕೊಂಡೆ: ಅವಳನ್ನು, ಫಾಬ್ರಿಸ್‌ನನ್ನು, ಸೋಂಪಿನ ಗಿಡ ನೆಟ್ಟವನನ್ನು. ಉಗುಳಲೂ ಆಗದು, ನುಂಗಲೂ ಆಗದು. ನಮ್ಮಲ್ಲಿ ಗಂಡನನ್ನು ಬಿಟ್ಟವಳನ್ನು ನೋಡಿದ್ದೇನೆ, ಮನೆ ಬಿಟ್ಟವನನ್ನು ನೋಡಿದ್ದೇನೆ. ಅಪೆರೊಗೆ ಕರೆದು ಬರಬೇಡಿ ಅಂದವನನ್ನು ಇದುವರೆಗೆ ನೋಡಿಲ್ಲ.

ಫಾಬ್ರಿಸ್ ಚಪ್ಪರದಡಿ ಬಾಟಲಿಗಳನ್ನು ನೀರಿನ ಬಕೆಟ್ಟಿಗೆ ಇಳಿಸುತ್ತಿದ್ದ. "ನೋಡಯ್ಯಾ, ನಿನ್ನ ಚಿಪ್ಪಿಗೆ ಅಂತ ಬಿಳೀ ವೈನ್ ತಣ್ಣಗೆ ಮಾಡ್ತಿದೀನಿ."

"ಇವತ್ತು ಇಲ್ಲ."

"ನಾಳೆಗಾ?"

"ನಾಳೆನೂ ಇಲ್ಲ."

"ಒದೀಲ್‌ಗೆ ಹುಷಾರಿಲ್ವಾ?"

ಹೌದು ಅನ್ನಬೇಕೆಂದು ಬಾಯಿ ತೆರೆದೆ. ಹೌದು ಅಂದರೆ ಸಂಜೆಯೊಳಗೆ ಸಿಮೋನ್ ಸೂಪು ತರುತ್ತಾಳೆ, ಮೂಲೆಯವರು ಮಾತ್ರೆ ತರುತ್ತಾರೆ, ಎಲ್ಲರೂ ಕಸದ ತೊಟ್ಟಿಯ ಹತ್ತಿರ ಕುರ್ಚಿ ಹಾಕಿಕೊಂಡು ರೋಗಿಯನ್ನು ನೋಡಿಕೊಳ್ಳುತ್ತಾರೆ, ಆಮೇಲೆ ಅದಕ್ಕೂ ಪ್ರತಿಯಾಗಿ ಒಂದು ಕೋಳಿ. ಬೇಡ.

"ಹುಷಾರಾಗಿದಾಳೆ. ನಿಮಗೆಲ್ಲ ಬೇಯಿಸಿ ಅವಳಿಗೆ ಸಾಕಾಗಿದೆ. ನಂಗೂ ನಿಮ್ಮ ಮುಖ ನೋಡಿ ಸಾಕಾಗಿದೆ. ಇವತ್ತೂ ಇಲ್ಲ, ರಜೆ ಮುಗಿಯೋವರೆಗೂ ಇಲ್ಲ. ನೀನು ಕರೆದ್ರೂ ನಾನು ಬರಲ್ಲ."

ಫಾಬ್ರಿಸ್‌ನ ಮುಖ ಟೊಮೆಟೊ ಹಣ್ಣಾಯಿತು. "ನಾವೇನು ನಿನ್ನ ಮನೆ ತಿಂದು ಹಾಕಿದ್ವಾ?"

"ಹೌದು."

"ಕರೆದೋನು ನೀನು!"

"ಅದೂ ಹೌದು!"

ಅವನು ಗೂಟವನ್ನೂ ಸುತ್ತಿಗೆಯನ್ನೂ ತೆಗೆದುಕೊಂಡು ಬಂದು, ನನ್ನ ಕಣ್ಣೆದುರಿಗೇ ಬೇಲಿಯ ಈಚೆ, ಮೊದಲಿದ್ದ ಜಾಗದಲ್ಲೇ ಹೊಡೆಯತೊಡಗಿದ. ಹೊಡಿ ಮಾರಾಯ, ಹೊಡಿ. ನಾನು ಹಲ್ಲು ಕಚ್ಚಿ ನಿಂತೆ. ಗದ್ದಲ ಕೇಳಿ ಅರ್ಮಾನ್ ಇಣುಕಿದ, ವಿಷಯ ತಿಳಿದು ಡೇರೆಯ ಜಿಪ್ಪನ್ನು ಕೆಳಗಿನವರೆಗೂ ಎಳೆದುಕೊಂಡ. ಸಿಮೋನ್ ಹೊರಗೇ ಉಳಿದಳು, ನಮಗೆಂದು ಮಾಡಿದ ಏಪ್ರಿಕಾಟ್ ಹಣ್ಣಿನ ಕಡುಬು ಕೈಯಲ್ಲೇ ಇತ್ತು. "ಇದನ್ನೇನು ಮಾಡ್ಲಿ ಈಗ?" ಎಂದು ಕೇಳಿದಳು.

ಅಲ್ಲಿಂದ ಹೊರಟೆ. ಬೇಲಿಯ ಸಂದಿನಲ್ಲಿ ನಾದೆಜ್ ತಡೆದಳು. ಗಂಡನಿಗೆ ಕೇಳಿಸದ ಹಾಗೆ, ಪಾತ್ರೆ ಒರೆಸುವ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ, "ಒದೀಲ್ ಪಕ್ಕದ ಆ ಜಾಗ ಇನ್ನೂ ಖಾಲಿ ಇದೆಯಾ?" ಎಂದಳು.

ಅವತ್ತು ಪಾತ್ರೆ ತೊಳೆಯುವಲ್ಲಿ ನನ್ನ ಎರಡೂ ಬದಿಯ ಸಿಂಕುಗಳು ಖಾಲಿ ಇದ್ದವು. ಜನ ದೂರ ನಿಂತು ಕಾಯುತ್ತಿದ್ದರು. ಮೂಲೆಯವರ ಅಳಿಯ ನನ್ನನ್ನು ಕಂಡು ದಾರಿ ಬದಲಿಸಿದ. ಕಪ್ಪೆಚಿಪ್ಪಿನ ಬಗ್ಗೆ ಹೆಂಗಸರು ಪಿಸುಗುಟ್ಟುವುದು ಕೇಳಿಸಿತು. ಪಿಸುಗುಟ್ಟಲಿ ಬಿಡು ಎಂದುಕೊಂಡೆ, ಆದರೆ ಕತ್ತು ಕೆಂಪಾಗಿತ್ತು.

ಸಂಜೆ ಕೊರಾಲಿ ತನ್ನ ಗೆಳತಿಯರೊಂದಿಗೆ ಕಡಲ ದಂಡೆಗೆ ಹೋದಳು. ನಾನು ಒಂದು ಕುರ್ಚಿ, ಒಂದು ಬ್ರೆಡ್ಡು, ಮೇಕೆ ಹಾಲಿನ ಚೀಸ್, ಸೌತೆಕಾಯಿ, ಹಲಗೆ, ಚಾಕು ಹಿಡಿದು ಕಸದ ತೊಟ್ಟಿಯ ಕಡೆ ಹೋದೆ. ಹಗ್ಗದ ಹೊರಗೆ ನಿಂತೆ.

ಒದೀಲ್ ನನ್ನ ಬೆನ್ನ ಹಿಂದೆ ಇಣುಕಿದಳು. "ಯಾರಾದ್ರೂ ಬರ್ತಿದಾರಾ?"

"ಯಾರೂ ಇಲ್ಲ. ಯಾರೂ ನನ್ನ ಜೊತೆ ಮಾತಾಡ್ತಿಲ್ಲ."

"ಫಾಬ್ರಿಸ್?"

"ಗೂಟ ವಾಪಸ್ ಹೊಡೆದಿದಾನೆ."

"ನೀನು ಕೀಳಲಿಲ್ವಾ?"

"ಇಲ್ಲ."

"ಅರ್ಮಾನ್ ಕೂಡ ಮಾತಾಡ್ತಿಲ್ವಾ?"

"ಜಿಪ್ ಎಳ್ಕೊಂಡ."

ಅವಳು ಪುಸ್ತಕದಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಆಮೇಲೆ ಕಾಲಿನಿಂದ ಹಗ್ಗ ತಗ್ಗಿಸಿದಳು. ನಾನು ಕುರ್ಚಿ ಹಾಕಿದೆ, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಸೌತೆಕಾಯಿ ಹೆಚ್ಚಿದೆ. ಹೋಳು ದಪ್ಪವಾದವು. ಅವಳು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಚಾಕು ಕಿತ್ತುಕೊಳ್ಳಲಿಲ್ಲ.

"ರಾತ್ರಿ ನಮ್ಮ ಡೇರೆಗೆ ಬರ್ತೀಯ ತಾನೆ?"

"ಇಲ್ಲ. ಶನಿವಾರ ರಜೆ ಮುಗಿಯೋವರೆಗೂ ಇಲ್ಲೇ. ಊಟಕ್ಕೆ ಬೇಕಾದ್ರೆ ನೀನು ಬಾ, ಕೊರಾಲೀನೂ ಬರ್ಲಿ."

ಈ ನಾತದಲ್ಲಿ ದಿನಾ ಊಟ! ಕಣಜವೊಂದು ಚೀಸಿನ ಮೇಲೆ ಕೂತಿತು, ಓಡಿಸಿದೆ, ಮತ್ತೆ ಕೂತಿತು. ಏನಾದರೂ ಅನ್ನಬೇಕೆಂದಿದ್ದೆ, ಅಷ್ಟರಲ್ಲಿ ಬಿಳಿ ಮೀಸೆಯವನೊಬ್ಬ ಕಸದ ಚೀಲ ಹಿಡಿದು ಬಂದ. ಮುಚ್ಚಳ ಎತ್ತಿದ, ಚೀಲ ಎಸೆದ, ನಮ್ಮನ್ನು ನೋಡಿ ಮುಖ ಅರಳಿಸಿದ.

"ಊಟ ಚೆನ್ನಾಗಾಗ್ಲಿ!"

"ಥ್ಯಾಂಕ್ಸ್."

ಅವನು ಹೋಗಲಿಲ್ಲ. ಕೈಗಳನ್ನು ಚಡ್ಡಿಗೆ ಒರೆಸಿಕೊಂಡ. "ಯಾವ ಕಡೆಯವರು ನೀವು? ನಾವು ನಿನ್ನೆಯಷ್ಟೇ ಬಂದ್ವಿ. ಇಬ್ಬರೇ. ಇನ್ನೂ ಯಾರ ಪರಿಚಯಾನೂ ಆಗಿಲ್ಲ."

ಒದೀಲ್ ಅಲುಗಲಿಲ್ಲ. ಕಣ್ಣು ಪುಸ್ತಕದ ಮೇಲಿತ್ತು, ಪುಟ ತಿರುಗುತ್ತಿರಲಿಲ್ಲ. ಒಳ್ಳೆಯವನ ಹಾಗೆ ಕಾಣುತ್ತಿದ್ದ ಮನುಷ್ಯ. ಗಂಟಲಲ್ಲಿ ಮಾತು ಒದ್ದುಕೊಂಡು ಬರುತ್ತಿತ್ತು, ದೇವರಾಣೆ. ಬ್ರೆಡ್ಡಿನ ದೊಡ್ಡ ತುಂಡೊಂದನ್ನು ಮುರಿದು ಬಾಯಿಗೆ ತುರುಕಿಕೊಂಡೆ. ಅಗಿದೆ. ಅವನ ಮುಖವನ್ನೇ ನೋಡುತ್ತಾ, ಎಮ್ಮೆಯ ಹಾಗೆ, ನಿಧಾನವಾಗಿ ಅಗಿದೆ. ಅವನು ಒಂದಷ್ಟು ಹೊತ್ತು ಕಾದ. "ಸರಿ ಹಾಗಾದ್ರೆ" ಎಂದ. ಪೈನ್ ಮರಗಳ ನಡುವೆ ಹೊರಟುಹೋದ.

ಬ್ರೆಡ್ಡು ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಒದೀಲ್ ನೀರಿನ ಬಾಟಲಿ ಕೊಟ್ಟಳು. ಆಮೇಲೆ ಎರಡೂ ಕಾಲುಗಳನ್ನು ಎತ್ತಿ ನನ್ನ ಮಡಿಲ ಮೇಲಿಟ್ಟು, ಓದು ಮುಂದುವರಿಸಿದಳು. ಕಾಲಿನ ತುಂಬ ಮರಳು.